ಸಮುದ್ರ ಸೇರಿದ ನೀರು ವ್ಯರ್ಥವೇ? ಖಾನಾಪುರದ ಮಳೆ ಮತ್ತು ಕೊಲ್ಲಿಯ ಕೆಸರಿನಲ್ಲಿ ಮಲಗಿದ ಡಯಾಟಮ್‌ಗಳು

ಮಹದಾಯಿಯ ಮಾತು ಬಂದಾಗಲೆಲ್ಲ ಬೆಳಗಾವಿ, ಖಾನಾಪುರ, ಹುಬ್ಬಳ್ಳಿ ಕಡೆ ಒಂದು ಮಾತು ಕೇಳಿಬರುತ್ತದೆ: 'ಅಷ್ಟೊಂದು ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ.' ಘಟ್ಟದ ಕೆಳಗೆ ಗೋವಾದಲ್ಲಿ ಇದಕ್ಕೆ ಎದುರಾಗಿ ಇನ್ನೊಂದು ಮಾತಿದೆ: 'ಒಂದು ಹನಿ ತಿರುಗಿಸಿದರೂ ನದಿ ಸಾಯುತ್ತದೆ.' ಎರಡನ್ನೂ ಹೇಳುವವರ ಕಷ್ಟ ನಿಜ. ಆದರೆ ಎರಡೂ ಮಾತುಗಳು ಒಂದು ಪ್ರಶ್ನೆಯನ್ನು ಹಾರಿಸಿಬಿಡುತ್ತವೆ. ನದಿಯ ನೀರು ಕೊಲ್ಲಿ ಸೇರಿದ ಮೇಲೆ ಅಲ್ಲಿ ಏನು ಮಾಡುತ್ತದೆ? ಯಾವ ತಿಂಗಳಲ್ಲಿ ಮಾಡುತ್ತದೆ?

ವ್ಯಾಜ್ಯಕ್ಕೆ ತೀರ್ಪು ಹೇಳಲು ನಾವು ಹೊರಟಿಲ್ಲ. ಈ ಪ್ರಶ್ನೆಗೆ ಒಂದು ತುದಿಯಿಂದ ಉತ್ತರ ಹುಡುಕೋಣ ಎಂದಷ್ಟೇ. ಆ ತುದಿ ಬಹಳ ಚಿಕ್ಕದು, ಕಣ್ಣಿಗೆ ಕಾಣದಷ್ಟು. ಅಳಿವೆಯ ತಳದ ಕೆಸರಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಕಾಲ ಕೂಡಿದಾಗ ಎದ್ದು ಇಡೀ ಕೊಲ್ಲಿಗೆ ಊಟ ಬಡಿಸುವ ಡಯಾಟಮ್ ಎಂಬ ಏಕಕೋಶ ಪಾಚಿ ಅದು.

ಒಂದೇ ಮಳೆ, ಎರಡು ಸಮುದ್ರ

ಮೊದಲು ಊರಿನ ಭೂಗೋಳ. ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಆಮಗಾಂವ್‌ನಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರ್ ದಾಟಿದ ಮಳೆ ದಾಖಲಾಗಿತ್ತು. ಕಣಕುಂಬಿಯ ಗುಡ್ಡದ ಮೇಲೆ ಬೀಳುವ ಮಳೆ ಅಲ್ಲೇ ಇಬ್ಭಾಗವಾಗುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದದ್ದು ಮಲಪ್ರಭೆಯಾಗಿ ಖಾನಾಪುರ ಪಟ್ಟಣವನ್ನು ಹಾದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕಳಸಾ ಮೊದಲಾದ ಹಳ್ಳಗಳ ಮೂಲಕ ಮಹದಾಯಿ ಸೇರಿ ಘಟ್ಟ ಇಳಿಯುತ್ತದೆ. ಭೀಮಗಡದ ಕಾಡಿನ ದೇಗಾಂವ್ ಬಳಿ ಹುಟ್ಟುವ ಈ ಹೊಳೆಗೆ ಗೋವಾದಲ್ಲಿ ಮಾಂಡೋವಿ ಎಂದು ಹೆಸರು. ಕಣಕುಂಬಿಯಿಂದ ಪಣಜಿಗೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರ್ ಆಸುಪಾಸು. ಅಂದರೆ ಗುಡ್ಡದ ಈ ಬದಿಗೆ ಬಿದ್ದ ಹನಿಗೆ ಸಮುದ್ರ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ, ಆ ಬದಿಗೆ ಬಿದ್ದದ್ದಕ್ಕೆ ಕೆಲವೇ ದಿನಗಳ ಪಯಣ.

ಬೆಳಗಾವಿ ನಗರದ ಕೊಳಚೆ ನೀರು ಗೋವಾಕ್ಕೆ ಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ನಗರದ ಬಳ್ಳಾರಿ ನಾಲೆ ಹರಿಯುವುದು ಮಾರ್ಕಂಡೇಯ ನದಿಗೆ, ಅಲ್ಲಿಂದ ಘಟಪ್ರಭೆಗೆ. ಗೋವಾ ಕಡೆ ಇಳಿಯುವುದು ಕಾಡಿನ ನೀರು. ಈ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

ಗಾಜಿನ ಡಬ್ಬಿಯ ಪಾಚಿ

ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಇಳಿದವರಿಗೆ ಡಯಾಟಮ್‌ಗಳ ಪರಿಚಯ ಆಗಲೇ ಇದೆ, ಹೆಸರು ಗೊತ್ತಿಲ್ಲ ಅಷ್ಟೆ. ನೀರಲ್ಲಿ ಮುಳುಗಿದ ಕಲ್ಲಿನ ಮೇಲೆ ಕಾಲಿಟ್ಟರೆ ಜಾರಿಸುವ ಕಂದು ಲೋಳೆ ಇದೆಯಲ್ಲ, ಅದರಲ್ಲಿ ಹೆಚ್ಚಿನ ಪಾಲು ಇವುಗಳದ್ದೇ. ಹಸಿರು ಪಾಚಿಯಲ್ಲಿ ಇರುವ ಹಸಿರು ಬಣ್ಣ ಇವುಗಳಲ್ಲೂ ಇದೆ. ಅದನ್ನು ಮರೆಸುವಷ್ಟು ಕಂದು ಬಣ್ಣದ ಇನ್ನೊಂದು ವರ್ಣಕವೂ ಇರುವುದರಿಂದ ಲೋಳೆ ಚಹಾ ಬಣ್ಣಕ್ಕೆ ತಿರುಗುತ್ತದೆ.

ಡಯಾಟಮ್‌ನ ವಿಶೇಷ ಅದರ ಚಿಪ್ಪು. ನೀರಲ್ಲಿ ಕರಗಿದ ಸಿಲಿಕಾವನ್ನು ಹೀರಿ ಅದು ತನ್ನ ಸುತ್ತ ಗಾಜಿನಂಥ ಕವಚ ಕಟ್ಟಿಕೊಳ್ಳುತ್ತದೆ. ಕವಚಕ್ಕೆ ಎರಡು ಹೋಳು, ಕುಂಕುಮದ ಡಬ್ಬಿಗೆ ಮುಚ್ಚಳ ಕೂತ ಹಾಗೆ ಒಂದರ ಮೇಲೊಂದು. ಬಹುಪಾಲು ಜಾತಿಗಳ ಗಾತ್ರ ಒಂದು ಮಿಲಿಮೀಟರ್‌ನ ಸಾವಿರದ ಎರಡನೇ ಭಾಗದಿಂದ ಐದನೇ ಒಂದು ಭಾಗದವರೆಗೆ. ಇಷ್ಟು ಚಿಕ್ಕವು ಸೇರಿಕೊಂಡು ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಮಾಡಿಮುಗಿಸುತ್ತವೆ. ಐದು ಉಸಿರಿಗೆ ಒಂದು ಉಸಿರು ಡಯಾಟಮ್‌ನದ್ದು ಎಂದು ಹೇಳುವ ರೂಢಿಯೂ ಇದೆ. ಅದು ಸ್ವಲ್ಪ ಉಬ್ಬಿಸಿದ ಮಾತು. ಸಮುದ್ರದಲ್ಲಿ ಹುಟ್ಟಿದ ಆಮ್ಲಜನಕದ ಬಹುಭಾಗ ಅಲ್ಲಿನ ಜೀವಿಗಳಿಗೇ ಖರ್ಚಾಗುತ್ತದೆ. ಆಹಾರದ ಲೆಕ್ಕದಲ್ಲಿ ಮಾತ್ರ ಯಾವ ಉಬ್ಬಿಸುವಿಕೆಯೂ ಬೇಕಿಲ್ಲ.

ನಮ್ಮ ಭಾಗದ ಡಯಾಟಮ್‌ಗಳಿಗೆ ಒಳ್ಳೆಯ ಇತಿಹಾಸಕಾರರೊಬ್ಬರು ಸಿಕ್ಕಿದ್ದರು. ಸಸ್ಯವಿಜ್ಞಾನಿ ಎಚ್. ಪಿ. ಗಾಂಧಿ ಅವರು 1950 ಮತ್ತು 60ರ ದಶಕಗಳಲ್ಲಿ ಕೊಲ್ಲಾಪುರ, ಪನ್ಹಾಳಗಡ, ಸಾಗರ, ಹಿರೇಭಾಸ್ಕರ, ಜೋಗದ ನೀರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಜಾತಿ ಜಾತಿ ಗುರುತಿಸಿ ಪ್ರಕಟಿಸಿದರು. ಪಶ್ಚಿಮ ಘಟ್ಟದ ಸಿಹಿನೀರಿನ ಡಯಾಟಮ್‌ಗಳ ಮೇಲೆ ಕೆಲಸ ಮಾಡುವವರು ಇವತ್ತಿಗೂ ಆ ಬರಹಗಳಿಗೆ ಮರಳುತ್ತಾರೆ. ಆದರೆ ಈ ಲೇಖನದ ಡಯಾಟಮ್‌ಗಳು ಹೊಳೆಯವಲ್ಲ, ಹೊಳೆ ಸೇರುವ ಉಪ್ಪುನೀರಿನವು. ಹೊಳೆ ಅವುಗಳಿಗೆ ಕೊಡುವುದು ಚಿಪ್ಪಿನ ಕಚ್ಚಾಮಾಲು. ಖಾನಾಪುರದ ಕಪ್ಪು ಕಲ್ಲು, ಕೆಂಪು ಜಂಬಿಟ್ಟಿಗೆ ಮಳೆಗೆ ಸವೆದಾಗ ಸಿಲಿಕಾ ಕರಗಿ ನೀರಿಗಿಳಿಯುತ್ತದೆ. ಜಗತ್ತಿನ ಸಮುದ್ರಗಳಿಗೆ ಹೊಸದಾಗಿ ಸೇರುವ ಸಿಲಿಕಾದಲ್ಲಿ ಬಹುಪಾಲು ಹೀಗೆ ನದಿಗಳೇ ಹೊತ್ತು ತಂದದ್ದು.

ಕೆಸರಿನ ಹಗೇವು

ಡಯಾಟಮ್‌ಗೆ ಬೆಳಕು ಬೇಕು, ಸಾರಜನಕ, ರಂಜಕ, ಸಿಲಿಕಾ ಬೇಕು. ಇವೆಲ್ಲ ವರ್ಷವಿಡೀ ಒಟ್ಟಿಗೆ ಸಿಗುವುದಿಲ್ಲ. ಸಾರಜನಕ ಮುಗಿಯುತ್ತಿದ್ದಂತೆ ಹಲವು ಕರಾವಳಿ ಜಾತಿಗಳು ಒಂದು ಉಪಾಯ ಮಾಡುತ್ತವೆ. ಕೀಟೊಸೆರಾಸ್ ಎಂಬ ಕುಲದವು ದಪ್ಪ ಚಿಪ್ಪಿನ, ನೋಡಲು ತಾಯಿಗಿಂತ ಪೂರಾ ಬೇರೆಯಾದ ಬೀಜಕಗಳನ್ನು ಮಾಡಿಕೊಳ್ಳುತ್ತವೆ. ಸ್ಕೆಲಿಟೊನೀಮಾದಂಥವು ವೇಷ ಬದಲಿಸುವುದಿಲ್ಲ. ಹೊರ ಚಿಪ್ಪು ಹಾಗೇ ಇರುತ್ತದೆ, ಒಳಗಿನ ಜೀವದ್ರವ್ಯ ಮಾತ್ರ ಮುದುಡಿ ಗಾಢವಾಗುತ್ತದೆ, ಎಣ್ಣೆಯಂಥ ಸಂಗ್ರಹ ಕೂಡುತ್ತದೆ, ಉಸಿರಾಟ ತೀರಾ ನಿಧಾನವಾಗುತ್ತದೆ. ಇವನ್ನೇ ವಿಶ್ರಾಂತಿ ಕೋಶ ಎನ್ನುವುದು. ಎರಡೂ ಬಗೆಯವು ಭಾರವಾಗಿ ತಳಕ್ಕೆ ಇಳಿದು ಕೆಸರಿನಲ್ಲಿ ಸೇರಿಕೊಳ್ಳುತ್ತವೆ. ಅಳಿವೆಯ ಆಳ ಎಷ್ಟೋ ಕಡೆ ಕೆಲವೇ ಮೀಟರ್. ಹಾಗಾಗಿ ಮೇಲಿನ ನೀರಿಗೂ ಕೆಳಗಿನ ಕೆಸರಿಗೂ ನಡುವೆ ಹೋಗಿಬರುವುದು ದೊಡ್ಡ ಪ್ರಯಾಣವೇನಲ್ಲ.

ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಒಳಗೆ ಗಾಳಿ ಕಡಿಮೆ, ಬೆಳಕಿಲ್ಲ, ಆದ್ದರಿಂದ ಕಾಳು ಕೆಡುತ್ತಿರಲಿಲ್ಲ. ಕೊಲ್ಲಿಯ ಕೆಸರು ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಮೇಲಿನ ಒಂದೆರಡು ಸೆಂಟಿಮೀಟರ್ ಕೆಳಗೆ ಕತ್ತಲು, ಆಮ್ಲಜನಕ ಅತ್ಯಲ್ಪ. ಕತ್ತಲಲ್ಲಿ ಕೋಶ ಮೊಳೆಯುವುದಿಲ್ಲ, ಬೆಳಕೇ ಅದನ್ನು ಎಬ್ಬಿಸುವ ಮುಖ್ಯ ಕರೆ. ತಂಪಿದ್ದಷ್ಟೂ ಬಾಳಿಕೆ ಹೆಚ್ಚು. ಡೆನ್ಮಾರ್ಕಿನ ಮಾರಿಯಾಗರ್ ಎಂಬ ಕಡಲ ಕಂದರದ ಕೆಸರಿನಿಂದ ನೂರು ವರ್ಷಕ್ಕೂ ಹಳೆಯ ಸ್ಕೆಲಿಟೊನೀಮಾ ಕೋಶಗಳನ್ನು ಎಬ್ಬಿಸಿದ್ದು 2011ರಲ್ಲಿ ಪ್ರಕಟವಾಯಿತು. 2025ರಲ್ಲಿ ಬಾಲ್ಟಿಕ್ ಸಮುದ್ರದ ತಳದಿಂದ ಸುಮಾರು 7,000 ವರ್ಷ ಹಿಂದಿನ ಪದರದ ಕೋಶಗಳನ್ನೂ ಬೆಳೆಸಿ ತೋರಿಸಿದರು. ನಮ್ಮ ಬೆಚ್ಚಗಿನ ಕರಾವಳಿಯ ಕೆಸರಿನಲ್ಲಿ ಇಂಥ ಆಯಸ್ಸು ನಿರೀಕ್ಷಿಸಬಾರದು. ಬಿಸಿ ಹೆಚ್ಚಿದಷ್ಟೂ ಒಳಗಿನ ಸಂಗ್ರಹ ಬೇಗ ಖರ್ಚಾಗುತ್ತದೆ. ಇಲ್ಲಿಯ ಹಗೇವು ಶತಮಾನಗಳಿಗಲ್ಲ, ಒಂದು ಮಳೆಗಾಲದಿಂದ ಇನ್ನೊಂದಕ್ಕೆ ದಾಟಿಸಿದರೂ ಸಾಕು.

ಕೆಸರು ಎಂದರೆ ಸತ್ತದ್ದು, ಕೊಳೆತದ್ದು ಎಂಬ ನಂಬಿಕೆ ಎಷ್ಟು ತಪ್ಪು ಎಂಬುದಕ್ಕೆ ಒಂದು ಅಂಕಿ. ಜಪಾನಿನ ಸೆಟೊ ಒಳನಾಡು ಸಮುದ್ರದ ಕೊಲ್ಲಿಗಳಲ್ಲಿ ಒಂದು ಗ್ರಾಂ ಹಸಿ ಕೆಸರಿಗೆ ಸಾವಿರದಿಂದ ಹತ್ತು ಲಕ್ಷದವರೆಗೆ ಮೊಳೆಯಬಲ್ಲ ಡಯಾಟಮ್ ಕೋಶಗಳು ಸಿಕ್ಕಿವೆ. ಒಂದು ಗ್ರಾಂ ಎಂದರೆ ಒಂದೆರಡು ಶೇಂಗಾ ಕಾಳಿನಷ್ಟು ಕೆಸರು.

ಎಣಿಸುವುದು ಹೇಗೆ?

ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಎಣಿಸಲು ಹೋದರೆ ಮಣ್ಣಿನ ಕಣ, ಖಾಲಿ ಚಿಪ್ಪು, ಸತ್ತ ಕೋಶ, ಮಲಗಿದ ಕೋಶ ಎಲ್ಲ ಕಲಸಿಕೊಂಡು ಕಾಣುತ್ತವೆ. ಅದಕ್ಕೆ ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ಬೇರೆ ದಾರಿ ರೂಢಿಗೆ ತಂದರು. ಕೆಸರನ್ನು ಮೊದಲು ಕತ್ತಲಲ್ಲಿ ತಂಪಾಗಿ ಇಡುತ್ತಾರೆ. ಆಮೇಲೆ ಅದನ್ನು ಪೋಷಕ ದ್ರಾವಣದಲ್ಲಿ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಗೊಳಿಸುತ್ತಾ ಹೋಗುತ್ತಾರೆ. ಪ್ರತಿ ಹಂತದಲ್ಲೂ ಕೆಲವು ನಳಿಕೆಗಳನ್ನು ಬೆಳಕಿನಡಿ ಇಟ್ಟು, ಯಾವ ನಳಿಕೆಯಲ್ಲಿ ಯಾವ ಜಾತಿ ಮೊಳೆತು ಬೆಳೆಯಿತು ಎಂದು ನೋಡುತ್ತಾರೆ. ಎಷ್ಟು ತೆಳುಗೊಳಿಸಿದಾಗ ಯಾವ ಜಾತಿ ಮಾಯವಾಯಿತು ಎಂಬುದರಿಂದ ಮೊದಲು ಎಷ್ಟಿದ್ದಿರಬಹುದು ಎಂದು ಕೋಷ್ಟಕ ನೋಡಿ ಅಂದಾಜಿಸುತ್ತಾರೆ. ಕುಡಿಯುವ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಪ್ರಯೋಗಾಲಯಗಳು ಲೆಕ್ಕ ಹಾಕುವುದೂ ಇದೇ ಗಣಿತದಿಂದ. ವರದಿಯಲ್ಲಿ 'ಎಂಪಿಎನ್' ಎಂದು ಬರೆದಿರುವುದನ್ನು ನೀವು ನೋಡಿರಬಹುದು.

ಮನೆಯಲ್ಲೇ ಇದರ ಒರಟು ರೂಪ ನೋಡಬಹುದು. ಬೇಸಿಗೆಯಲ್ಲಿ ಕೆರೆಯ ಅಂಚಿನ ಒಣಗಿದ ಕೆಸರನ್ನು ಒಂದು ಚಮಚದಷ್ಟು ತಂದು ಗಾಜಿನ ಬಾಟಲಿಗೆ ಹಾಕಿ, ಕ್ಲೋರಿನ್ ಇಲ್ಲದ ನೀರು ತುಂಬಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ಎಷ್ಟೋ ಸಲ ಒಂದೆರಡು ವಾರದಲ್ಲಿ ಗಾಜಿನ ಒಳಮೈಗೆ ಹಸಿರು ಅಥವಾ ಕಂದು ಪೊರೆ ಕಟ್ಟುತ್ತದೆ. ಕಂದಾಗಿದ್ದರೆ ಅದರಲ್ಲಿ ಡಯಾಟಮ್ ಇರುವ ಸಂಭವ ಹೆಚ್ಚು. ಮುಟ್ಟಿದ ಮೇಲೆ ಕೈ ತೊಳೆಯುವುದು ಮರೆಯಬೇಡಿ.

ಈ ವಿಧಾನಕ್ಕೊಂದು ಮಿತಿಯಿದೆ. ಕೆಸರಿನಲ್ಲೇ ಬದುಕುವ ಡಯಾಟಮ್‌ಗಳೂ ಇವೆ, ಇಳಿತದ ಹೊತ್ತಿಗೆ ಬಯಲಾದ ಕೆಸರಿನ ಮೇಲೆ ಕಾಣುವ ಹೊಂಬಣ್ಣದ ಹೊಳಪು ಅವುಗಳದ್ದು. ನಳಿಕೆಯಲ್ಲಿ ಅವೂ ಬೆಳೆಯುತ್ತವೆ. ಮಲಗಿದ್ದು ಯಾವುದು, ಅಲ್ಲೇ ಎಚ್ಚರವಾಗಿದ್ದದ್ದು ಯಾವುದು ಎಂದು ನಳಿಕೆ ಹೇಳುವುದಿಲ್ಲ, ಜಾತಿಯ ಸ್ವಭಾವ ಗೊತ್ತಿದ್ದವರು ಬೇರ್ಪಡಿಸಬೇಕು. ಗೋವಾದ ಡೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಜೆ. ಎಸ್. ಪಾಟೀಲ ಮತ್ತು ಎ. ಸಿ. ಅನಿಲ್ ಅವರು ಮಳೆಗಾಲದ ಪ್ರಭಾವಕ್ಕೆ ಒಳಗಾದ ಗೋವಾದ ಅಳಿವೆಯ ಕೆಸರಿನ ಮೇಲೆ 2008ರಲ್ಲಿ ಪ್ರಕಟಿಸಿದ ಅಧ್ಯಯನವು ವಿಶ್ರಾಂತಿ ಕೋಶ ಎನ್ನುವ ಬದಲು, ಮೊಳೆತು ಬೆಳೆಯಬಲ್ಲದ್ದು ಎಂಬ ಅರ್ಥದ ಹೆಚ್ಚು ವಿಶಾಲ ಪದ ಬಳಸಿದೆ. ಈ ಎಚ್ಚರ ನಮಗೆ ಹಿಡಿಸಿತು.

ಕೊಲ್ಲಿಯ ಒಂದು ವರ್ಷ

ಉತ್ತರದ ತಂಪು ದೇಶಗಳಲ್ಲಿ ಋತು ಎಂದರೆ ಬೆಳಕು ಮತ್ತು ಚಳಿ. ಚಳಿಗಾಲದಲ್ಲಿ ಕತ್ತಲು, ವಸಂತದಲ್ಲಿ ಬೆಳಕು ಮರಳುತ್ತದೆ, ಕೆಸರಿನ ಕೋಶಗಳು ಏಳುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಾಲ ಬದಲಿಸುವುದು ಮುಂಗಾರು. ಖಾನಾಪುರದ ರೈತ ಮಿರಗದ ಮಳೆಗೆ ಕಾಯುವ ಹೊತ್ತಿಗೇ ಕೊಲ್ಲಿಯ ಕೆಸರೂ ತನ್ನ ತಿರುವಿನ ಹತ್ತಿರ ಬಂದಿರುತ್ತದೆ.

ಫೆಬ್ರುವರಿಯಿಂದ ಮೇವರೆಗೆ ಅಳಿವೆಯಲ್ಲಿ ಕಡಲಿನದೇ ಆಳ್ವಿಕೆ. ನದಿಯ ಹರಿವು ಸೊರಗಿರುತ್ತದೆ. ದಿನಕ್ಕೆರಡು ಸಲ ಏರುವ ಉಬ್ಬರ ಉಪ್ಪುನೀರನ್ನು ಮಾಂಡೋವಿಯೊಳಗೆ ಹತ್ತಾರು ಕಿಲೋಮೀಟರ್ ಒಳಕ್ಕೆ ತಳ್ಳುತ್ತದೆ. ಬಿಸಿಲು ಬೇಕಾದಷ್ಟು, ನೀರೂ ತಿಳಿ, ಆದರೆ ಕರಗಿದ ಪೋಷಕಾಂಶ ಕಡಿಮೆ. ಹಿಂದಿನ ಬೆಳೆಯಿಂದ ಇಳಿದ ಕೋಶಗಳು ಕೆಸರಿನಲ್ಲಿ ದಿನ ಎಣಿಸುತ್ತವೆ. ಕೆಲವು ಸಾಯುತ್ತವೆ, ಕೆಲವನ್ನು ಹುಳುಗಳು ತಿನ್ನುತ್ತವೆ.

ಜೂನ್‌ನಲ್ಲಿ ಎಲ್ಲವೂ ಒಮ್ಮೆಗೇ ತಿರುಗುತ್ತದೆ. ಅಲೆಗಳು ತಳವನ್ನು ಕಲಕುತ್ತವೆ, ಹೂತ ಕೋಶಗಳು ಮೇಲೆ ಬರುತ್ತವೆ. ಘಟ್ಟದ ನೀರು ಸಿಲಿಕಾ, ಸಾರಜನಕ ತರುತ್ತದೆ. ಹಾಗಾದರೆ ಮೊದಲ ಪ್ರವಾಹದ ಮರುದಿನವೇ ಡಯಾಟಮ್‌ಗಳ ಜಾತ್ರೆ ಎಂದುಕೊಂಡರೆ ತಪ್ಪು. ಆಕಾಶದಲ್ಲಿ ಮೋಡ, ನೀರಿನಲ್ಲಿ ಕೆಮ್ಮಣ್ಣು. ಪೋಷಕಾಂಶ ಬಂದಾಗ ಬೆಳಕಿಲ್ಲ. ಮೇಲಾಗಿ ಹರಿವಿನ ರಭಸಕ್ಕೆ ಎದ್ದ ಕೋಶಗಳೂ ಹೊರಗಿನ ಕಡಲಿಗೆ ಕೊಚ್ಚಿಹೋಗುತ್ತವೆ. ಮೂವತ್ತೈದರ ಸುಮಾರಿನ ಲವಣಾಂಶಕ್ಕೆ ಒಗ್ಗಿದ ಜಾತಿಗಳಿಗೆ ಅರ್ಧ ಸಿಹಿಯಾದ ನೀರು ತಡೆಯುವುದಿಲ್ಲ.

ನಿಜವಾದ ಅವಕಾಶ ಸಿಗುವುದು ಮಳೆ ನಾಲ್ಕಾರು ದಿನ ಬಿಡುವು ಕೊಟ್ಟಾಗ. ಮೋಡ ಸರಿದು ಬಿಸಿಲು ಬೀಳುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ, ಹಗುರವಾದ ಸಿಹಿನೀರು ಮೇಲೆ ಉಪ್ಪುನೀರು ಕೆಳಗೆ ಎಂದು ಪದರ ಕಟ್ಟಿ ಕೋಶಗಳು ಬೆಳಕಿನ ಹತ್ತಿರ ಉಳಿಯುತ್ತವೆ. ಇಂಥ ಬಿಡುವಿನಲ್ಲಿ, ಕಡಿಮೆ ಉಪ್ಪನ್ನೂ ತಾಳುವ ಸ್ಕೆಲಿಟೊನೀಮಾ ಥಟ್ಟನೆ ಹೆಚ್ಚುವುದನ್ನು ಗೋವಾದ ಅಳಿವೆಗಳಲ್ಲಿ ಗುರುತಿಸಿದ್ದಾರೆ. ದಿನಕ್ಕೊಂದೆರಡು ಸಲ ಇಬ್ಭಾಗವಾಗುವ ಕೋಶಕ್ಕೆ ಒಂದು ವಾರ ಸಾಕು. ಹೊರಗಿನಿಂದ ಬೀಜ ಬರುವವರೆಗೆ ಕಾಯಬೇಕಾದ ಜಾತಿಗೆ ಆ ವಾರ ಕೈತಪ್ಪುತ್ತದೆ, ಕೆಸರಿನಲ್ಲೇ ದಾಸ್ತಾನು ಇರುವುದಕ್ಕೆ ಸಿಗುತ್ತದೆ. ವಿಶ್ರಾಂತಿ ಕೋಶದ ಇಡೀ ಲಾಭ ಇರುವುದು ಇಲ್ಲೇ.

ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ನೀರು ತಿಳಿಯಾಗುತ್ತದೆ, ಉಪ್ಪು ಮರಳುತ್ತದೆ, ಪೋಷಕಾಂಶ ಇನ್ನೂ ಉಳಿದಿರುತ್ತದೆ. ಬೇರೆ ಜಾತಿಗಳ ಸರದಿ ಅದು. ಅದೂ ಮುಗಿದಾಗ ಕೋಶಗಳು ಮತ್ತೆ ಕೆಳಗಿಳಿದು ಹಗೇವು ತುಂಬುತ್ತದೆ. ಹೀಗಾಗಿ ಕೆಸರಿನಲ್ಲಿ ಇವತ್ತು ಎಷ್ಟು ಕೋಶ ಎಂಬ ಒಂದು ದಿನದ ಅಂಕಿಗೆ ಹೆಚ್ಚು ಬೆಲೆಯಿಲ್ಲ. ಅದೇ ಜಾಗದಲ್ಲಿ ಮೇ ತಿಂಗಳ ಅಂಕಿ ಎಷ್ಟು, ಆಗಸ್ಟಿನದು ಎಷ್ಟು, ಡಿಸೆಂಬರ್‌ನದು ಎಷ್ಟು ಎಂದು ಪಕ್ಕಪಕ್ಕ ಇಟ್ಟಾಗ ಮಾತ್ರ ಅದು ಏನಾದರೂ ಹೇಳುತ್ತದೆ.

ಇಲ್ಲಿ ಒಂದು ಗೊಂದಲ ಪರಿಹರಿಸಿಬಿಡೋಣ. ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುವ ವಿಡಿಯೋಗಳು ಕರಾವಳಿಯಿಂದ ಆಗಾಗ ಹರಿದಾಡುತ್ತವಲ್ಲ, ಅದು ಡಯಾಟಮ್ ಅಲ್ಲ. ನಾಕ್ಟಿಲೂಕಾದಂಥ, ಡೈನೊಫ್ಲಾಜೆಲೇಟ್ ಎಂಬ ಬೇರೆಯೇ ಗುಂಪಿನ ಜೀವಿಗಳ ಕೆಲಸ. ಡಯಾಟಮ್ ಹೊಳೆಯುವುದಿಲ್ಲ.

ಬೆಳಗಾವಿಯ ತಟ್ಟೆಯಲ್ಲಿ

ಬೆಳಗಾವಿಯ ಮೀನು ಪೇಟೆಗೆ ಗೋವಾ, ಕಾರವಾರ ಕಡೆಯಿಂದ ಬರುವ ತಾರ್ಲೆ, ಮಂಗಳೂರಿನವರ ಬೂತಾಯಿ, ಈ ಕಥೆಯ ಇನ್ನೊಂದು ತುದಿ. ದೊಡ್ಡ ಮೀನುಗಳ ಹಾಗೆ ಇದು ಬೇಟೆಯಾಡುವುದಿಲ್ಲ, ಕಿವಿರಿನ ಜರಡಿಯಿಂದ ನೀರು ಸೋಸಿ ಡಯಾಟಮ್ ಮತ್ತು ಸಣ್ಣ ಪ್ಲವಕಗಳನ್ನು ತಿನ್ನುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೇರಳವಾದ ವರ್ಷ ತಾರ್ಲೆಯೂ ಹೇರಳ ಎಂಬ ಸಂಬಂಧವನ್ನು ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಲ್ಲೇ ಮುಂದಿಟ್ಟಿದ್ದರು. ಆ ಸೂಚಕ ಪ್ರತಿ ವರ್ಷವೂ ಕೈ ಹಿಡಿಯುತ್ತದೆ ಎಂದಲ್ಲ. ತಾರ್ಲೆಯ ಏರಿಳಿತಕ್ಕೆ ನೀರಿನ ಬಿಸಿ, ಅತಿ ಮೀನುಗಾರಿಕೆ ಸೇರಿ ಹಲವು ಕಾರಣಗಳಿವೆ. ಆದರೂ ಮೀನು ಬರುವ ಮೊದಲು ಊಟ ಸಿದ್ಧವಾಗಿರಬೇಕು ಎಂಬುದು ಬದಲಾಗಿಲ್ಲ.

ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಪಶ್ಚಿಮ ಕರಾವಳಿಯ ಮಳೆಗಾಲದ ಡಯಾಟಮ್ ಬೆಳೆಗೆ ನದಿಯೊಂದೇ ಗೊಬ್ಬರವಲ್ಲ. ಮುಂಗಾರಿನ ಗಾಳಿಗೆ ಕಡಲಿನ ಮೇಲ್ನೀರು ಸರಿದು ತಳದ ತಂಪು ನೀರು ಮೇಲೆ ಬರುತ್ತದೆ. ಹೊರಗಿನ ಕಡಲಿಗೆ ಸಿಗುವ ಪೋಷಕಾಂಶದಲ್ಲಿ ಅದರ ಪಾಲು ದೊಡ್ಡದು. ನದಿಯ ಪ್ರಭಾವ ಹೆಚ್ಚು ಕಾಣುವುದು ಅಳಿವೆ ಮತ್ತು ಕೊಲ್ಲಿಯ ಒಳಗೆ. ಗೋವಾದ ಇಡೀ ಕಡಲು ಖಾನಾಪುರದ ನೀರಿನ ಮೇಲೆ ನಿಂತಿದೆ ಎನ್ನುವುದೂ ಉಬ್ಬಿಸಿದ ಮಾತೇ.

ಹಾಗಾದರೆ ತಿರುಗಿಸಿದರೆ ಏನಾಗುತ್ತದೆ?

ಲೆಕ್ಕ ನೋಡೋಣ. ಮಹದಾಯಿಯ ಒಟ್ಟು ಜಲಾನಯನ 2,032 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ್ದು 375, ಗೋವಾದ್ದು 1,580, ಮಹಾರಾಷ್ಟ್ರದ್ದು 77. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕೊಟ್ಟ ತೀರ್ಪು ನೂರಕ್ಕೆ ಎಪ್ಪತ್ತೈದು ವರ್ಷ ಸಿಗುತ್ತದೆಂದು ನಂಬಬಹುದಾದ ಹರಿವನ್ನು 188.06 ಟಿಎಂಸಿ ಎಂದು ಹಿಡಿಯಿತು. ಕರ್ನಾಟಕಕ್ಕೆ ಸಿಕ್ಕ 13.42 ಟಿಎಂಸಿಯಲ್ಲಿ 8.02 ವಿದ್ಯುತ್ತಿಗೆ, ಅದು ಉತ್ಪಾದನೆಯ ನಂತರ ನದಿಗೇ ಮರಳುವ ನೀರು. ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ತೀರ್ಪನ್ನು 2020ರ ಫೆಬ್ರುವರಿ 27ರಂದು ಕೇಂದ್ರ ಅಧಿಸೂಚಿಸಿತು. ರಾಜ್ಯಗಳು ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿವೆ.

3.90 ಎಂಬುದು 188ರಲ್ಲಿ ಶೇಕಡ 2ರ ಆಸುಪಾಸು. ನದಿಗಳನ್ನು ಕಟ್ಟಿ ಕೊಲ್ಲಿಯ ಡಯಾಟಮ್ ಕಳೆದುಕೊಂಡ ಪ್ರಸಿದ್ಧ ಉದಾಹರಣೆಗಳ ಪ್ರಮಾಣವೇ ಬೇರೆ. ಈಜಿಪ್ಟಿನಲ್ಲಿ 1964ರಲ್ಲಿ ಆಸ್ವಾನ್ ಅಣೆಕಟ್ಟು ನೀರು ಹಿಡಿಯಲು ಆರಂಭಿಸಿದ ಮೇಲೆ ನೈಲ್ ನದಿಯ ವಾರ್ಷಿಕ ಪ್ರವಾಹ ಸಮುದ್ರ ಮುಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ಪ್ರತಿ ಶರದೃತುವಿನಲ್ಲಿ ಮುಖಜ ಭೂಮಿಯ ಎದುರು ಏಳುತ್ತಿದ್ದ ಡಯಾಟಮ್ ಬೆಳೆ ಅಡಗಿತು. 1962ರಲ್ಲಿ ಸುಮಾರು 18,000 ಟನ್ ಇದ್ದ ಸಾರ್ಡಿನ್ ಮೀನಿನ ಫಸಲು ದಶಕ ಮುಗಿಯುವಷ್ಟರಲ್ಲಿ ಕೆಲವು ನೂರು ಟನ್‌ಗೆ ಇಳಿಯಿತು. ಮುಂದೆ 1980ರ ದಶಕದಲ್ಲಿ ಮೀನು ಒಂದಷ್ಟು ಮರಳಿತು. ನಗರಗಳ ಕೊಳಚೆ ಮತ್ತು ಹೊಲದ ಗೊಬ್ಬರ ಆ ಪೋಷಕಾಂಶ ಕೊಟ್ಟಿತು ಎಂಬ ವಿವರಣೆ ಇದೆ. ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ, ಸಿಲಿಕಾ ತೀರಾ ಕಡಿಮೆ. ಅಂಥ ನೀರು ಡಯಾಟಮ್‌ಗಿಂತ ಇತರ ಪಾಚಿಗಳಿಗೆ, ಕೆಲವೊಮ್ಮೆ ವಿಷ ಉಗುಳುವ ಜಾತಿಗಳಿಗೆ, ಹೆಚ್ಚು ಅನುಕೂಲ. ಕಾಡಿನ ನೀರಿಗೂ ಚರಂಡಿಯ ನೀರಿಗೂ ಕೊಲ್ಲಿ ಮಾಡುವ ಭೇದ ಇದು.

ಡ್ಯಾನ್ಯೂಬ್ ನದಿಯ ಕಥೆಯಲ್ಲಿ ಇನ್ನೊಂದು ಪಾಠವಿದೆ. 1970ರ ದಶಕದ ಆರಂಭದಲ್ಲಿ ಕಟ್ಟಿದ ಐರನ್ ಗೇಟ್ಸ್ ಅಣೆಕಟ್ಟಿನಿಂದಾಗಿ ಕಪ್ಪು ಸಮುದ್ರ ಸೇರುವ ಸಿಲಿಕಾ ಮೂರನೇ ಎರಡು ಭಾಗ ಕುಸಿದು ಡಯಾಟಮ್‌ಗಳು ಹಿಂದೆ ಸರಿದವು ಎಂದು 1997ರಲ್ಲಿ ಒಂದು ಪ್ರಬಂಧ ವಾದಿಸಿತು. ಅದು ಪಠ್ಯಪುಸ್ತಕ ಸೇರಿತು. ಕೆಲವು ವರ್ಷಗಳ ನಂತರ ಆ ಜಲಾಶಯದಲ್ಲೇ ಅಳತೆ ಮಾಡಿದಾಗ ಅಲ್ಲಿ ಉಳಿಯುವ ಸಿಲಿಕಾ ಬಹಳ ಅಲ್ಪ ಎಂದು ತಿಳಿಯಿತು. ಕುಸಿತದ ಕಾರಣವನ್ನು ಇಡೀ ಜಲಾನಯನದಲ್ಲಿ, ಮೇಲಿನ ಅನೇಕ ಅಣೆಕಟ್ಟುಗಳಲ್ಲಿ ಹುಡುಕಬೇಕಾಯಿತು. ಅಳೆಯದೆ ಹೇಳಿದ ಕಥೆ, ಅದು ಎಷ್ಟೇ ಚೆಂದ ಕೂಡಿಬಂದರೂ, ಅಳತೆಯ ಮುಂದೆ ಬಾಗಲೇಬೇಕು.

ಶೇಕಡ 2 ತಾನೆ, ಏನೂ ಆಗುವುದಿಲ್ಲ ಎಂದು ನಿಟ್ಟುಸಿರು ಬಿಡಬಹುದೇ? ಅದೂ ಅವಸರದ ಮಾತು ಎಂದೇ ನಮ್ಮ ಅಭಿಪ್ರಾಯ. ವರ್ಷದ ಸರಾಸರಿ ತಿಂಗಳನ್ನು ಮುಚ್ಚಿಡುತ್ತದೆ. ಜುಲೈನ ಪ್ರವಾಹದಿಂದ ಎತ್ತಿದ ಒಂದು ಟಿಎಂಸಿಯನ್ನು ಕೊಲ್ಲಿ ಗಮನಿಸದೇ ಇರಬಹುದು. ಅಷ್ಟೇ ನೀರನ್ನು ಡಿಸೆಂಬರ್ ನಂತರ ಎತ್ತಿದರೆ ಉಪ್ಪು ಇನ್ನಷ್ಟು ಮೇಲಕ್ಕೆ ಏರುತ್ತದೆ, ಯಾವ ಜಾತಿಯ ಕೋಶ ಎಲ್ಲಿಯವರೆಗೆ ಬದುಕುತ್ತದೆ ಎಂಬ ಗಡಿ ಸರಿಯುತ್ತದೆ. ಕೊಲ್ಲಿಗಿಂತ ಮೊದಲು ಪೆಟ್ಟು ಬೀಳುವುದು ಘಟ್ಟದ ಮೇಲಿನ ಹಳ್ಳಗಳಿಗೆ, ಭೀಮಗಡದ ಕಾಡಿಗೆ. ಅಲ್ಲಿ ಈ 3.90 ಟಿಎಂಸಿ ಶೇಕಡ 2 ಅಲ್ಲ, ಹಳ್ಳದ ದೊಡ್ಡ ಪಾಲು. ಹುಬ್ಬಳ್ಳಿ-ಧಾರವಾಡದ ಮನೆಗಳ ಕುಡಿಯುವ ನೀರಿನ ಅಗತ್ಯವೂ ಅಷ್ಟೇ ನಿಜ. ಆದ್ದರಿಂದ ವಾದ ನಡೆಯಬೇಕಾದದ್ದು ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬುದರ ಮೇಲೆ. 'ವ್ಯರ್ಥ' ಎಂಬ ಪದ ಈ ಎರಡನೇ ಪ್ರಶ್ನೆಯನ್ನು ಕೇಳುವ ಮೊದಲೇ ಮುಚ್ಚಿಹಾಕುತ್ತದೆ ಎಂಬುದೇ ಅದರ ಬಗ್ಗೆ ನಮ್ಮ ತಕರಾರು.

ಮಾಂಡೋವಿಯ ಕೆಸರಿಗೆ ಬೇರೆ ಹೊರೆಗಳೂ ಇವೆ. ದಶಕಗಳ ಕಾಲ ಅದರ ಮೇಲೆ ಕಬ್ಬಿಣದ ಅದಿರಿನ ಬಾರ್ಜ್‌ಗಳು ಓಡಾಡಿವೆ, ಗಣಿಯ ಕೆಮ್ಮಣ್ಣು ಮಳೆಯೊಂದಿಗೆ ಇಳಿದಿದೆ. ಬೇಗ ಹೂತುಹೋದ ಕೋಶಕ್ಕೆ ಬೆಳಕಿನ ಕರೆ ತಲುಪುವುದೇ ಇಲ್ಲ. ಹಡಗುಗಳು ಸಮತೋಲಕ್ಕೆಂದು ತುಂಬಿಕೊಳ್ಳುವ ನೀರಿನ ತಳದ ಕೆಸರಿನಲ್ಲಿ ಒಂದು ಬಂದರಿನ ವಿಶ್ರಾಂತಿ ಕೋಶಗಳು ಇನ್ನೊಂದಕ್ಕೆ ಹೋಗುತ್ತವೆ. 2004ರಲ್ಲಿ ಅಂಗೀಕಾರವಾಗಿ 2017ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಇದನ್ನು ತಡೆಯಲೆಂದೇ ಇರುವುದು. ನಾಳೆ ಕೊಲ್ಲಿಯ ಕೆಸರಿನಲ್ಲಿ ಜಾತಿಗಳು ಬದಲಾದರೆ ಕಾರಣ ತಿರುಗಿಸಿದ ನೀರೋ, ಗಣಿಯ ಮಣ್ಣೋ, ಪಣಜಿಯ ಚರಂಡಿಯೋ, ಯಾವುದೋ ಹಡಗೋ ಎಂದು ಬೇರ್ಪಡಿಸಲು ಈಗಿನ ದಾಖಲೆಯೇ ಬೇಕು. ಕಾಲುವೆಯಲ್ಲಿ ನೀರು ಹರಿಯುವ ಮುನ್ನ, ಅಳಿವೆಯ ಕೆಲವೇ ನಿಗದಿತ ಜಾಗಗಳಿಂದ ಮೇ ಕೊನೆಯಲ್ಲಿ, ಮಳೆಯ ಬಿಡುವಿನಲ್ಲಿ, ನವೆಂಬರ್‌ನಲ್ಲಿ ಕೆಸರು ತೆಗೆದು, ಕೆಲವು ವರ್ಷ ಬಿಡದೆ ಎಣಿಸಬೇಕು. ಬೇಕಾದ ಸಾಮಾನು ದುಬಾರಿಯದಲ್ಲ: ಒಂದು ದೋಣಿ, ಕೆಸರು ಎತ್ತುವ ಕೊಳವೆ, ಗಾಜಿನ ನಳಿಕೆಗಳು, ಕತ್ತಲಿನ ಒಂದು ಫ್ರಿಜ್ಜು, ಜಾತಿ ಗುರುತಿಸಬಲ್ಲ ಒಬ್ಬರು.